ಅಕ್ಕಸಾಲಿ ಮನೆಗೆ ಮೂರು ಕೊಳವೆ

ನಾನು ಹಾಕಿಕೊಟ್ಟ ಫ್ಯಾನನ್ನು ನನ್ನ ಕಣ್ಣೆದುರೇ ಆಫ್ ಮಾಡಿದ ಗಿರಾಕಿ ಇದುವರೆಗೆ ಒಬ್ಬರೇ, ಸಿಂಧಘಟ್ಟದ ಆಚಾರ್ರು. ಅದೂ ಕೆಲಸ ಮುಗಿದು, ಕೈಕಾಲು ತೊಳೆದು, ನಾನಿನ್ನೂ ಅರ್ಧ ಲೋಟ ಕಾಫಿ ಕುಡಿದಿರುವಾಗ. ಗಾಳಿ ಕೊಳವೆಗೆ ನುಗ್ಗುವ ಸದ್ದು ಕೇಳುತ್ತ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಆಚಾರ್ರು ಎದ್ದು ಹೋಗಿ ಸ್ವಿಚ್ಚನ್ನು ಟಪ್ಪೆಂದು ಆರಿಸಿ, ಮತ್ತೆ ಬಂದು ಕೆಲಸದ ಮಣೆಯ ಮುಂದೆ ಕೂತು ಅರ ಕೈಗೆತ್ತಿಕೊಂಡರು. ಬಂದ ಸಿಟ್ಟನ್ನು ಕಾಫಿಯ ಜೊತೆ ನುಂಗಿದೆ. ಆ ಮನೆಯ ಕೆಲಸ ನಿಜವಾಗಿ ಶುರುವಾದದ್ದು ಆ ಗಳಿಗೆಯಿಂದ. ಆದರೆ ಅಲ್ಲಿಯವರೆಗೆ ಹೇಗೆ ಬಂದೆವು ಎಂಬುದನ್ನು ಮೊದಲು ಹೇಳಬೇಕು.

ಪಾಂಡವಪುರದಲ್ಲಿ ನನ್ನದೊಂದು ತಗಡಿನ ಶೆಡ್ಡಿದೆ. ಹೋಟೆಲು, ಕಲ್ಯಾಣ ಮಂಟಪಗಳ ಅಡುಗೆಮನೆಗೆ ಹೊಗೆ ಎಳೆಯುವ ಗೂಡು ಮತ್ತು ಅದರ ಕೊಳವೆ ಮಾಡಿ ಕೂರಿಸುವುದು ನಮ್ಮ ಕಸುಬು. ಅಳತೆ, ಲೆಕ್ಕ, ಗಿರಾಕಿಗಳ ಜೊತೆ ಜಗಳ ನನ್ನ ಪಾಲಿಗೆ. ಕತ್ತರಿಸಿ ಜೋಡಿಸುವುದು ಗಂಜಾಂನಿಂದ ಬರುವ ನಮ್ಮ ಫಿಟ್ಟರ್ ಭಾಯಿಯ ಪಾಲಿಗೆ. ಒಂದು ಮಧ್ಯಾಹ್ನ ಬೆಳಗೊಳದಿಂದ ಒಬ್ಬ ಹೆಂಗಸು ಫೋನು ಮಾಡಿದರು.

"ಮೇಡಂ, ನೀವು ಓಟ್ಲು ಹೊಗೆ ಎಳ್ಯೋ ಕೆಲ್ಸ ಮಾಡ್ತೀರಂತೆ. ಮನೆದೂ ಎಳ್ದ್ ಕೊಡ್ತೀರಾ?"

ಯಾರ ಮನೆ, ಎಂಥ ಹೊಗೆ ಎಂದು ಕೇಳಿದೆ. ಅವರ ಅಕ್ಕನನ್ನು ಸಿಂಧಘಟ್ಟದ ಅಕ್ಕಸಾಲಿಗರ ಮನೆಗೆ ಕೊಟ್ಟಿದ್ದರಂತೆ. ಭಾವ ಮನೆಯ ಮುಂಗೋಣೆಯಲ್ಲೇ ಚಿನ್ನದ ಕೆಲಸ ಮಾಡುತ್ತಾರೆ. ಒಡವೆಗೆ ಮೆರುಗು ಕೊಡುವುದು ಅಕ್ಕ. ಅಕ್ಕನಿಗೆ ಈಗ ಉಸಿರು ಕಟ್ಟುತ್ತದೆ, ಕೆಮ್ಮು ಹತ್ತಿದರೆ ನಿಲ್ಲುವುದಿಲ್ಲ.

"ಡಾಕ್ಟ್ರು ಏಳ್ಬುಟ್ಟವ್ರೆ. ಒಂದಾ ಆ ಕೆಲ್ಸ ಮನೆಯಿಂದಾಚ್ಗೆ ಓಗ್ಬೇಕು, ಇಲ್ಲಾ ನಮ್ಮಕ್ಕ ಓಗ್ಬೇಕು ಅಂತ. ಕೆಲ್ಸ ಓಗ್ನಿಲ್ಲ. ನಮ್ಮಕ್ಕ ಬಂದವ್ಳೆ."

ಜಗಳವಾಡಿ ಬೇರೆಯಾದ ಗಂಡ ಹೆಂಡಿರನ್ನು ನೋಡಿದ್ದೇನೆ. ಗಾಳಿಯ ದೆಸೆಯಿಂದ ಬೇರೆಯಾದವರ ಕಥೆ ಕೇಳಿದ್ದು ಅದೇ ಮೊದಲು. ಕೆಲಸವನ್ನು ಪೇಟೆಯ ಮಳಿಗೆಗೆ ಸಾಗಿಸೋಣವೆಂದರೆ ಗಿರಾಕಿಗಳು ಬರುವುದು ಆ ಜಗಲಿಗೆ, ತಿಜೋರಿ ಇರುವುದು ಆ ಕೋಣೆಯಲ್ಲಿ, ಆಚಾರ್ರ ಕೈ ಓಡುವುದೂ ಅಲ್ಲೇ. ಹೆಂಡತಿ ಹಿಂತಿರುಗಬೇಕಾದರೆ ಮನೆಯ ಗಾಳಿಯೇ ಬದಲಾಗಬೇಕು. ಹೋಟೆಲುಗಳ ಜಿಡ್ಡು ಬಳಿದು ಬಳಿದು ಸಾಕಾಗಿದ್ದ ನನಗೆ ಒಂದು ಪೂರ್ತಿ ಮನೆಯ ಉಸಿರಾಟವನ್ನು ಕೈಗೆ ಕೊಟ್ಟಂತಾಯಿತು. ಸಂತೋಷಕ್ಕೆ ಅವತ್ತೇ ಟೇಪು ಹಿಡಿದು ಹೊರಟೆ.

ಮನೆ ಉದ್ದಕ್ಕಿದೆ. ಬೀದಿಗೆ ಕಿಟಕಿಯಿರುವ ಕೆಲಸದ ಕೋಣೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ. ಮೂರಕ್ಕೂ ಬಾಗಿಲು ಒಂದೇ ನೇರದಲ್ಲಿ. ಬೀದಿಯ ಗಾಳಿ ಕಿಟಕಿಯಿಂದ ನುಗ್ಗಿದರೆ ಕೆಲಸದ ಕೋಣೆಯಲ್ಲಿದ್ದದ್ದನ್ನೆಲ್ಲ ಹೊತ್ತುಕೊಂಡು ಒಲೆಯವರೆಗೂ ಹೋಗುತ್ತದೆ. ಆ ಕೋಣೆಯಲ್ಲಿ ಇದ್ದದ್ದೇನು ಕಡಿಮೆಯೇ? ಬೆಸುಗೆಯ ಗ್ಯಾಸ್ ಟಾರ್ಚಿನ ಹೊಗೆ, ಚಿನ್ನ ಶುದ್ಧ ಮಾಡುವ ಆಸಿಡ್ಡಿನ ಕಂದು ಆವಿ, ಮೆರುಗಿನ ಮೋಟಾರಿನಿಂದ ಏಳುವ ಸಣ್ಣ ಕೆಂಪು ಪುಡಿ. ಅಕ್ಕ ಕೂತು ಕೆಲಸ ಮಾಡುತ್ತಿದ್ದ ಜಾಗದಲ್ಲಿ ಒಮ್ಮೆ ಉಸಿರೆಳೆದು ನೋಡಿದೆ. ಗಂಟಲು ಕೆರೆಯಿತು.

ನನ್ನ ಮೊದಲ ಉಪಾಯ ಬಲು ಸುಲಭದ್ದು. ಕೆಲಸದ ಕೋಣೆಯ ಗಾಳಿ ಎಳೆದು ಹೊರಗೆ ಹಾಕಲು ಒಂದು ಫ್ಯಾನು, ಅದಕ್ಕೆ ಆರು ಇಂಚಿನ ಕೊಳವೆ, ಕೊಳವೆಗೆ ಎರಡು ಬಾಯಿ. ಒಂದು ಬಾಯಿ ಆಸಿಡ್ಡಿನ ಮೂಲೆಗೆ, ಇನ್ನೊಂದು ಮಣೆ ಮತ್ತು ಮೆರುಗಿನ ಮೋಟಾರಿನ ಬಳಿಗೆ. ಹೋದ ಗಾಳಿಯ ಬದಲಿಗೆ ಹೊಸ ಗಾಳಿ ಬೇಕಲ್ಲ, ಅದಕ್ಕೆ ನಡುಮನೆಯ ಪಡುವಣ ಗೋಡೆಯಲ್ಲಿ ಇನ್ನೊಂದು ಚಿಕ್ಕ ಫ್ಯಾನು, ಅದಕ್ಕೂ ಆರು ಇಂಚಿನ ಗಿಡ್ಡ ಕೊಳವೆ. ಎರಡು ಕೊಳವೆಗೂ ಸ್ಪ್ರಿಂಗಿನ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿದ, ಹಿಗ್ಗಿ ಕುಗ್ಗುವ ಬಗೆಯದನ್ನೇ ಆರಿಸಿದೆ. ಬೆಂಡು ಬೇಡ, ಬೆಸುಗೆ ಬೇಡ, ಎತ್ತ ಬಗ್ಗಿಸಿದರೆ ಅತ್ತ ಹೋಗುತ್ತದೆ. ಭಾಯಿಗಂತೂ ಅದರ ಮೇಲೆ ಪ್ರಾಣ.

"ಇದಿದ್ರೆ ಆಧಾ ಕಾಮ್ ಅದೇ ಮಾಡ್ಕೊಂಡ್ ಬಿಡ್ತದೆ ಮೇಡಂ" ಎನ್ನುತ್ತಲೇ ಸಂಜೆಯ ಹೊತ್ತಿಗೆ ಎಲ್ಲ ಕೂರಿಸಿದರು. ಆಮೇಲೆ ಕಾಫಿ ಬಂತು, ಆಚಾರ್ರು ಫ್ಯಾನು ಆಫ್ ಮಾಡಿದರು.

"ಯಾಕ್ ಆರಿಸ್ಬುಟ್ರಿ ಆಚಾರ್ರೇ?"

"ಅರ ಆಕ್ತಾ ಇವ್ನಿ ಕಣವ್ವ. ಗಾಳಿ ಆಡ್ಬಾರ್ದು."

"ಗಾಳಿ ಆಡ್ಲಿ ಅಂತಾನೇ ಅಲ್ವಾ ನಮ್ಮನ್ನ ಕರ್ಸಿರದು?"

"ಹೊಗೆ ಎಳೀರಿ ಅಂದೆ. ಚಿನ್ನ ಎಳೀರಿ ಅಂದ್ನಾ?"

ಆಗ ಆ ಕೋಣೆಯನ್ನು ಮತ್ತೊಮ್ಮೆ ಕಣ್ಣುಬಿಟ್ಟು ನೋಡಿದೆ. ಕಿಟಕಿಯ ಎರಡೂ ಬಾಗಿಲು ಮುಚ್ಚಿದ್ದವು. ಸೂರಿನಲ್ಲಿ ಫ್ಯಾನಿನ ಕೊಕ್ಕೆ ಇತ್ತು, ಫ್ಯಾನು ಇರಲಿಲ್ಲ. ಮಣೆಯ ಕೆಳಗೆ ಅರದ ಪುಡಿ ಬೀಳಲು ಚರ್ಮದ ಹಾಸು. ಬಾಗಿಲ ಬಳಿ ನೀರು ತುಂಬಿದ ಬಾನಿ. ನಾವು ಕೈ ತೊಳೆಯಲು ಹಿತ್ತಲಿಗೆ ಹೊರಟಾಗ ಆಚಾರ್ರು ತಡೆದು ಆ ಬಾನಿಯಲ್ಲೇ ತೊಳೆಸಿದ್ದರು. ಭಾಯಿಯ ಅಂಗಿಯನ್ನು ಒಳಗೇ ಕೊಡವಿಸಿದ್ದರು. ಇವರೇನು ಇಷ್ಟು ಮಡಿಯವರು ಎಂದುಕೊಂಡಿದ್ದೆ. ಮಡಿಯಲ್ಲ. ಅಕ್ಕಸಾಲಿ ಮನೆಯಿಂದ ಪುಡಿ ಆಚೆಗೆ ಹೋಗುವ ಹಾಗಿಲ್ಲ. ಗುಡಿಸಿದ ಕಸ, ಕೈ ತೊಳೆದ ನೀರಿನ ತಳ, ಹಳೆಯ ಮಸಿಬಟ್ಟೆ ಎಲ್ಲವನ್ನೂ ಕೂಡಿಡುತ್ತಾರೆ. ವರ್ಷಕ್ಕೊಮ್ಮೆ ಜಾಲಗಾರರು ಬಂದು ಅದನ್ನು ತೊಳೆದು, ಜಾಲಿಸಿ, ಒಳಗಿನ ಚಿನ್ನ ತೆಗೆಯುತ್ತಾರೆ. ಇಂಥ ಮನೆಗೆ ನಾನು ಗೋಡೆ ಕೊರೆದು, ಪುಡಿ ಎಳೆದು ಬೀದಿಗೆ ಉಗುಳುವ ಕೊಳವೆ ಹಾಕಿದ್ದೆ.

ಆ ಕೋಣೆಯನ್ನು ದಿನಕ್ಕೆರಡು ಸಲ ಒಣಪೊರಕೆಯಲ್ಲಿ ಗುಡಿಸುತ್ತಿದ್ದವರು ಅಕ್ಕ. ನೀರು ಚಿಮುಕಿಸಿದರೆ ಪುಡಿ ನೆಲಕ್ಕೆ ಹಿಡಿಯುತ್ತದೆಂದು ಒಣಗಿದ್ದಂತೆಯೇ ಗುಡಿಸಬೇಕಂತೆ. ಕಿಟಕಿ ಮುಚ್ಚಿ, ಫ್ಯಾನಿಲ್ಲದೆ, ಒಣಪೊರಕೆಯಲ್ಲಿ. ಡಾಕ್ಟರು ಹೇಳಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

"ಆಚಾರ್ರೇ, ಒಂದ್ ಪರೀಕ್ಸೆ ಮಾಡವಾ. ಇತ್ತಾಳೆ ಅರದ್ ಪುಡಿ ಅದೆಯಾ?"

ಇತ್ತು. ಕಾಗದದ ಮೇಲೆ ಹಿತ್ತಾಳೆ ಪುಡಿ ಹರಡಿ ಕೊಳವೆಯ ಬಾಯಿಯ ಮುಂದಿಟ್ಟೆ, ಪಕ್ಕದಲ್ಲಿ ಒಂದು ಊದುಬತ್ತಿ ಹಚ್ಚಿದೆ. ಫ್ಯಾನನ್ನು ರೆಗ್ಯುಲೇಟರಿನಲ್ಲಿ ತಗ್ಗಿಸಿ ಹಾಕಿದೆ. ಊದುಬತ್ತಿಯ ಹೊಗೆ ದಾರದಂತೆ ನೇರವಾಗಿ ಕೊಳವೆಯೊಳಗೆ ಹೋಯಿತು. ಹಿತ್ತಾಳೆ ಪುಡಿ ಕದಲಲಿಲ್ಲ. ಚಿನ್ನ ಹಿತ್ತಾಳೆಗಿಂತ ಎರಡು ಪಟ್ಟು ತೂಕ. ಇದು ಕದಲದ ಗಾಳಿಗೆ ಅದು ಕದಲುವ ಮಾತೇ ಇಲ್ಲ. ಆಚಾರ್ರು ಬಗ್ಗಿ, ಕನ್ನಡಕ ಮೇಲೆತ್ತಿ ನೋಡಿದರು. ಅವರ ಮುಖದ ಬಿಗಿ ಸ್ವಲ್ಪ ಸಡಿಲಾಯಿತು.

"ಅರದ್ ಪುಡಿ ಸರಿ. ಮೆರುಗಿನ್ ಪುಡಿ?"

ಅದನ್ನೂ ಇಟ್ಟು ನೋಡಿದೆವು. ಅದು ಹೊಗೆಯ ಹಿಂದೆಯೇ ಹೊರಟುಹೋಯಿತು. ನಾನು ಹೇಳಿದ್ದು ಅರ್ಧ ನಿಜ, ಅವರು ಹೇಳಿದ್ದು ಇನ್ನರ್ಧ ನಿಜ. ಅಕ್ಕನ ಎದೆ ಸೇರುತ್ತಿದ್ದದ್ದು ಆ ಸಣ್ಣ ಪುಡಿಯೇ. ಅದು ಕೋಣೆಯಲ್ಲಿ ಇದ್ದರೆ ಅಕ್ಕನಿಗೆ ಆಗದು, ಬೀದಿಗೆ ಹೋದರೆ ಆಚಾರ್ರಿಗೆ ಆಗದು. ಸದ್ಯಕ್ಕೆ ಮೆರುಗಿನ ಹೊತ್ತಿನಲ್ಲಿ ಹೊರಗಿನ ಬಾಯಿಗೆ ಬಟ್ಟೆ ಚೀಲ ಕಟ್ಟುವುದು, ಕೆಲವು ವಾರ ಹೀಗೇ ಓಡಿಸಿ ನೋಡುವುದು ಎಂದು ಒಪ್ಪಂದವಾಯಿತು.

ಆ ಕೆಲವು ವಾರ ನಾನು ಶೆಡ್ಡಿನಲ್ಲಿ ಕೂತಲ್ಲಿ ಕೂರಲಿಲ್ಲ. ಯಾವುದೋ ಹೋಟೆಲಿನ ಗೂಡು ಅಳೆಯುತ್ತಿದ್ದರೂ ತಲೆಯಲ್ಲಿ ಅದೇ ಮನೆ. ಅವಧಿಗೆ ಮುಂಚೆಯೇ ಹೋಗಿ ಕೊಳವೆ ಬಿಚ್ಚಿಸಿದೆ. ಕತ್ತರಿಯಲ್ಲಿ ಸೀಳಿ ಬಿಡಿಸಿದರೆ, ಸ್ಪ್ರಿಂಗಿನ ಒಂದೊಂದು ಮಡಿಕೆಯಲ್ಲೂ ಕಪ್ಪುಗೆಂಪು ಪುಡಿ ಗಟ್ಟಿಯಾಗಿ ಕೂತಿತ್ತು. ಚೀಲಕ್ಕೆ ತಲುಪಿದ್ದು ಸ್ವಲ್ಪವೇ. ಆಸಿಡ್ಡಿನ ಬಾಯಿಯ ಹತ್ತಿರವಂತೂ ಹಾಳೆ ಜರಡಿಯಂತಾಗಿತ್ತು. ಬೆಳಕಿಗೆ ಹಿಡಿದರೆ ತೂತುಗಳ ಮೂಲಕ ಭಾಯಿಯ ಮುಖ ಕಾಣಿಸುತ್ತಿತ್ತು.

"ಆಸಿಡ್ ಕಡೆ ಒಂದೇ ಪೀಸ್ ಬದಲಾಯಿಸಿ ಬಿಡೋಣ ಮೇಡಂ. ಬಾಕಿ ಎಲ್ಲ ಚಲ್ತದೆ" ಎಂದರು ಭಾಯಿ.

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹೋಟೆಲಾಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಆ ಮಡಿಕೆಗಳನ್ನು ನೋಡುತ್ತ ನಿಂತಾಗ ನನ್ನ ತಪ್ಪು ನಿಚ್ಚಳವಾಗಿ ಕಂಡಿತು. ಬೇರೆ ಬೇರೆ ಮೂರು ಗಾಳಿಗಳಿಗೆ ಒಂದೇ ಜಾತಿಯ ಕೊಳವೆ ಕೊಟ್ಟಿದ್ದೆ. ಆಸಿಡ್ಡಿನ ಆವಿಗೆ ಬೇಕಾದದ್ದು ಸವೆದು ತೂತಾಗದ ಕೊಳವೆ. ಮೆರುಗಿನ ಪುಡಿಗೆ ಬೇಕಾದದ್ದು ಒಳಗೆ ನುಣುಪಾಗಿರುವ, ಬಿಚ್ಚಿ ತೊಳೆಯಬಹುದಾದ ಕೊಳವೆ. ಮನೆಯವರು ಉಸಿರಾಡುವ ಹೊಸ ಗಾಳಿಯದು ಇನ್ನೊಂದೇ ಬಗೆ.

"ಎಲ್ಲಾನೂ ಕಿತ್ತಾಕಿ ಭಾಯಿ" ಎಂದೆ.

"ಎಲ್ಲಾನೂ?"

"ಎಲ್ಲಾನೂ."

ಭಾಯಿ ನಿಟ್ಟುಸಿರು ಬಿಟ್ಟು ಏಣಿ ಹತ್ತಿದರು. ಕಿತ್ತ ಕೊಳವೆಯನ್ನು ಸುರುಳಿ ಸುತ್ತಿ ನಮ್ಮ ಗಾಡಿಗೆ ಹಾಕಲು ಹೋದರೆ ಆಚಾರ್ರು ಬಾಗಿಲಿಗೆ ಅಡ್ಡ ನಿಂತರು.

"ಅದ್ ಎಲ್ಗೆ ತಗಂಡ್ ಓಯ್ತೀರಿ?"

"ಗುಜ್ರಿಗೆ ಆಚಾರ್ರೇ."

"ಗುಜ್ರಿಗಾ? ಇಲ್ಲೇ ಮಡುಗ್ರಪ್ಪ."

ಅದನ್ನು ಮಗುವಿನ ಹಾಗೆ ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ ಬಾನಿಯ ಪಕ್ಕ ಮಲಗಿಸಿದರು. ನಾವು ಹೊರಡುವಷ್ಟರಲ್ಲಿ ಒಂದೊಂದು ಮಡಿಕೆಯನ್ನೂ ಬಿಡಿಸಿ ತೊಳೆಯಲು ಕೂತಿದ್ದರು. ಗಾಡಿಯಲ್ಲಿ ಭಾಯಿ ತಮ್ಮ ಅಂಗಿಯ ಜೇಬನ್ನು ಒಳಹೊರಗು ಮಾಡಿ ನೋಡಿಕೊಂಡರು. ಪಾಂಡವಪುರದವರೆಗೂ ನಕ್ಕೆ.

ಆಮೇಲಿನ ದಿನಗಳು ನನ್ನ ಕೆಲಸದ ಬದುಕಿನ ಅತ್ಯಂತ ಸಂತೋಷದ ದಿನಗಳು. ಆಸಿಡ್ಡಿನದು ಬೇಗ ಬಗೆಹರಿಯಿತು. ದಪ್ಪ ಪಿವಿಸಿ ಪೈಪು, ಪ್ಲಾಸ್ಟಿಕ್ ರೆಕ್ಕೆಯ ಫ್ಯಾನು, ಮೋಟಾರು ಗಾಳಿಯ ದಾರಿಯಿಂದ ಹೊರಗೆ. ಆ ಕಂದು ಆವಿ ಗಾಳಿಗಿಂತ ಭಾರ. ಹೋಟೆಲಿನ ಅಭ್ಯಾಸದಲ್ಲಿ ನಾನು ಬಾಯಿಯನ್ನು ತಲೆಯ ಮೇಲಿಟ್ಟಿದ್ದೆ, ಆವಿ ಆಚಾರ್ರ ಮೂಗಿನ ಮುಂದೆ ಹಾದು ಹೋಗುತ್ತಿತ್ತು. ಈಗ ಅದನ್ನು ಇಳಿಸಿ ಪಾತ್ರೆಯ ಪಕ್ಕಕ್ಕೇ ತಂದೆ. ಪೈಪು ಗೋಡೆ ದಾಟಿ ಮಾಳಿಗೆಗಿಂತ ಎತ್ತರಕ್ಕೆ ಹೋಯಿತು. ಒಳಗೆ ಆವಿ ತಣ್ಣಗಾಗಿ ನೀರಾದರೆ ಫ್ಯಾನಿನ ಮೇಲೆ ಬೀಳದಂತೆ ತಳದಲ್ಲಿ ಒಂದು ನಲ್ಲಿ ಇಟ್ಟೆವು.

ಮೆರುಗಿನ ಕೊಳವೆಯದೇ ನಿಜವಾದ ಸವಾಲು. ಮಣೆಯ ಬಳಿ ಗಾಳಿ ನಿಧಾನವಾಗಿರಬೇಕು, ಇಲ್ಲದಿದ್ದರೆ ಅರದ ಪುಡಿ ಏಳುತ್ತದೆ, ಟಾರ್ಚಿನ ಉರಿಯೂ ವಾಲುತ್ತದೆ. ಕೊಳವೆಯೊಳಗೆ ಗಾಳಿ ಜೋರಾಗಿರಬೇಕು, ಇಲ್ಲದಿದ್ದರೆ ಪುಡಿ ದಾರಿಯಲ್ಲೇ ಕೂತುಬಿಡುತ್ತದೆ. ಕೊನೆಗೆ ಎಲ್ಲಾದರೂ ಒಂದು ಕಡೆ ಗಾಳಿ ಮತ್ತೆ ನಿಧಾನವಾಗಬೇಕು, ಪುಡಿ ಅಲ್ಲಿ ಉದುರಬೇಕು. ಗಾಳಿ ಎಲ್ಲಿ ನಡೆಯಬೇಕು, ಎಲ್ಲಿ ಓಡಬೇಕು, ಎಲ್ಲಿ ಕೂರಬೇಕು ಎಂಬುದನ್ನು ಹಾಳೆಯ ಮೇಲೆ ಬರೆದೂ ಬರೆದೂ ಹರಿದೆ. ಬಾಯಿಯನ್ನು ಮೊರದಷ್ಟು ಅಗಲ ಮಾಡಿದೆ. ಕೊಳವೆಯನ್ನು ಆರರಿಂದ ನಾಲ್ಕು ಇಂಚಿಗೆ ಇಳಿಸಿದೆ. ಅದರ ಕೊನೆಗೆ ಮುಚ್ಚಳವಿರುವ ದೊಡ್ಡ ಡಬ್ಬ, ಡಬ್ಬದ ಮೇಲೆ ಬಟ್ಟೆ ಚೀಲ, ಅದರಾಚೆ ಫ್ಯಾನು. ಕೊಳವೆ ತಿರುಗುವ ಕಡೆ ಒಂದೇ ಲಂಬ ತಿರುವಿನ ಬದಲು ಎರಡು ಓರೆ ತಿರುವು. ಲಂಬವಾಗಿ ತಿರುಗಿಸಿದರೆ ಪುಡಿ ಮೂಲೆಗೆ ಬಡಿದು ಅಲ್ಲೇ ಗುಡ್ಡೆ ಹಾಕುತ್ತದೆ.

ಇನ್ನು ಬಿಚ್ಚುವುದು. ಸ್ಕ್ರೂ ಹಾಕಿದರೆ ಒಳಗೆ ಮೊನೆ ಚಾಚಿ ಪುಡಿ ಹಿಡಿಯುತ್ತದೆ. ಅಂಟು ಹಾಕಿದರೆ ಬಿಚ್ಚಲಾಗದು. ಮಧ್ಯಾಹ್ನ ಶೆಡ್ಡಿನಲ್ಲಿ ಊಟಕ್ಕೆ ಕೂತಾಗ ಭಾಯಿ ತಮ್ಮ ಕ್ಯಾರಿಯರಿನ ಕ್ಲಿಪ್ಪು ಎತ್ತುತ್ತಿದ್ದರು. ಇಬ್ಬರೂ ಒಂದೇ ಸಲ ಅದನ್ನು ನೋಡಿದೆವು. ನಾನು ಮೊದಲು ಹೇಳಿದೆನೋ ಅವರೋ ಎಂಬುದರ ಬಗ್ಗೆ ಇವತ್ತಿಗೂ ನಮ್ಮಲ್ಲಿ ತಕರಾರಿದೆ. ಸ್ಟೀಲಿನ ಗಿಡ್ಡ ಗಿಡ್ಡ ಕೊಳವೆಗಳು, ಒಂದರ ತುದಿ ಇನ್ನೊಂದರೊಳಗೆ, ಹೊರಗೆ ಕ್ಯಾರಿಯರಿನಂಥ ಕ್ಲಿಪ್ಪು. ಗಾಳಿ ಹೋಗುವ ದಿಕ್ಕಿಗೇ ತುದಿ ಒಳಸೇರಬೇಕು, ಆಗ ಪುಡಿಗೆ ಎಡವಲು ಮೆಟ್ಟಿಲೇ ಇರುವುದಿಲ್ಲ.

ಸ್ಟೀಲು ಬಗ್ಗಿಸಿ ಬೆಸೆದು, ಒಳಗಿನ ಬೆಸುಗೆಯನ್ನು ಉಜ್ಜಿ ನುಣುಪು ಮಾಡುವ ಕೈ ನಮ್ಮಲ್ಲಿ ಇರಲಿಲ್ಲ. ನಾಗಮಂಗಲದಲ್ಲಿ ಪಾತ್ರೆ ಮಾಡುವ ಒಂದು ಶೆಡ್ಡಿಗೆ ಹೋದೆವು. ಅಲ್ಲಿನ ಯಜಮಾನರು ನಕ್ಷೆ ನೋಡಿ, ಹೊರಗೆ ಪಾಲಿಶು ಬೇಡ, ಒಳಗೆ ಮಾತ್ರ ಬೇಕೆಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಒಳ್ಗಡೆ ಯಾರವ್ವ ನೋಡ್ತಾರೆ?"

"ಗಾಳಿ ನೋಡ್ತದೆ" ಎಂದೆ.

ನಕ್ಕರು, ಆದರೆ ಮಾಡಿಕೊಟ್ಟರು. ಮಾಡಿದ್ದರೊಳಗೆ ಕೈ ಹಾಕಿ ಸವರಿದೆ. ಬೆಸುಗೆ ಎಲ್ಲಿದೆಯೆಂದು ಬೆರಳಿಗೆ ಗೊತ್ತಾಗಲಿಲ್ಲ. ಅಲ್ಲಿಂದ ಸಿಂಧಘಟ್ಟದವರೆಗೆ ಆ ಕೊಳವೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ಜೋಡಿಸಿ, ಫ್ಯಾನು ಹಾಕಿ, ಮಣೆಯ ಮುಂದೆ ಗಾಳಿಯ ವೇಗ ಅಳೆದು ರೆಗ್ಯುಲೇಟರಿಗೆ ಗುರುತು ಹಾಕಿದೆ. ಆಚಾರ್ರು ಇಡೀ ದಿನ ಮೆರುಗಿನ ಕೆಲಸ ಮಾಡಿದರು. ಸಂಜೆ ಕ್ಲಿಪ್ಪು ಎತ್ತಿ ಕೊಳವೆ ಬಿಚ್ಚಿದರೆ ಒಳಗೆ ಕನ್ನಡಿಯ ಹಾಗಿತ್ತು. ಪುಡಿಯೆಲ್ಲ ಡಬ್ಬದ ತಳದಲ್ಲಿ ಕೂತಿತ್ತು. ಆಚಾರ್ರು ಡಬ್ಬದೊಳಗೆ ಬಗ್ಗಿ ನೋಡಿ ಬಹಳ ಹೊತ್ತಿನ ಮೇಲೆ ಮುಖ ಎತ್ತಿದರು.

"ಅವ್ಳಿಗ್ ಫೋನ್ ಮಾಡ್ಲಾ?" ಎಂದು ನನ್ನನ್ನು ಕೇಳಿದರು. ಹೆಂಡತಿಗೆ ಫೋನು ಮಾಡಲು ನನ್ನ ಅಪ್ಪಣೆ.

ಅಕ್ಕ ಬಂದದ್ದು ಎರಡು ದಿನದ ಮೇಲೆ. ಕೈಯಲ್ಲಿ ಒಂದು ಪರ್ಸು ಬಿಟ್ಟರೆ ಬೇರೇನೂ ಇರಲಿಲ್ಲ. ತೆಳ್ಳಗಿನ ಹೆಂಗಸು, ಮಾತು ಖಡಕ್ಕು. ಬಂದವರೇ, "ಸಂಜೆ ಬಸ್ಸಿಗೆ ವಾಪಸ್ ಓಗ್ಬುಡ್ತೀನಿ, ನೋಡವಾ ಅಂತ ಬಂದೆ ಅಷ್ಟೆ" ಎಂದು ನಡುಮನೆಯ ಬೆಂಚಿನ ಮೇಲೆ ಸೆರಗು ಮೂಗಿಗೆ ಹಿಡಿದು ಕೂತರು. ಆಚಾರ್ರು ಒಳಗೆ ಆಸಿಡ್ಡು, ಟಾರ್ಚು, ಮೋಟಾರು ಎಲ್ಲ ಒಟ್ಟಿಗೆ ಶುರುಮಾಡಿದರು. ನಾನು ಬಾಗಿಲ ಸಂದಿಗೆ ಊದುಬತ್ತಿ ಹಿಡಿದು ತೋರಿಸಿದೆ. ಹೊಗೆ ನಡುಮನೆಯಿಂದ ಕೆಲಸದ ಕೋಣೆಯ ಕಡೆಗೇ ಹರಿಯುತ್ತಿತ್ತು, ಒಳಗಿನ ಒಂದು ಎಳೆಯೂ ಈಚೆಗೆ ಬರುತ್ತಿರಲಿಲ್ಲ. ಅಕ್ಕ ಮೆಲ್ಲಗೆ ಸೆರಗು ಇಳಿಸಿದರು.

ಅಷ್ಟರಲ್ಲಿ ಒಂದು ವಾಸನೆ ಬಂತು. ಸಿಹಿ ವಾಸನೆ, ಅದರ ಹಿಂದೆಯೇ ಸುಟ್ಟ ಸಿಪ್ಪೆಯ ಕಮಟು. ನೋಡನೋಡುತ್ತ ನಡುಮನೆಯ ತುಂಬ ಮಂಜು ಕವಿದಂತಾಯಿತು. ಪಡುವಣ ಗೋಡೆಯಲ್ಲಿ ನಾನು ಹೊಸ ಗಾಳಿಗೆಂದು ಇಟ್ಟಿದ್ದ ಫ್ಯಾನು, ಓಣಿಯಾಚೆಯ ಆಲೆಮನೆಯ ಹೊಗೆಯನ್ನು ಎಳೆದೆಳೆದು ಒಳಗೆ ತುಂಬುತ್ತಿತ್ತು. ಕಬ್ಬಿಲ್ಲದೆ ನಿಂತಿದ್ದ ಆಲೆಮನೆ ಅದು. ನಾನು ಅಳತೆಗೆ ಬಂದಾಗಲೆಲ್ಲ ಒಲೆ ತಣ್ಣಗಿತ್ತು. ಸರಿಯಾಗಿ ಅವತ್ತೇ ಉರಿ ಹಾಕಿದ್ದರು. ಉಳಿದೆರಡು ಕೊಳವೆ ಬದಲಾಯಿಸಿದವಳು ಈ ಮೂರನೆಯದನ್ನು, ಆಮೇಲೆ ನೋಡಿದರಾಯಿತೆಂದು ಹಳೆಯ ತೂತಿನಲ್ಲೇ ಮತ್ತೆ ಕೂರಿಸಿದ್ದೆ.

ಅಕ್ಕ ಕೆಮ್ಮಲು ಶುರುಮಾಡಿದರು. ಅದು ಎಂಥ ಕೆಮ್ಮು ಎಂದು ನನಗೆ ಆಗಲೇ ಗೊತ್ತಾದದ್ದು. ಬೆನ್ನು ಬಾಗಿ, ಬೆಂಚಿನ ಅಂಚು ಹಿಡಿದು, ಉಸಿರು ಹುಡುಕುವ ಕೆಮ್ಮು. ನಾನು ಓಡಿ ಫ್ಯಾನು ಆರಿಸಿದೆ. ಆಚಾರ್ರು ಹೆಂಡತಿಯ ಬೆನ್ನು ನೀವುತ್ತ ಹಿತ್ತಲಿಗೆ ಕರೆದುಕೊಂಡು ಹೋದರು. ಸುಧಾರಿಸಿಕೊಂಡ ಮೇಲೆ ಅಕ್ಕ ಒಳಗೆ ಬರಲಿಲ್ಲ, ಪಕ್ಕದ ಸಂದಿಯಿಂದಲೇ ಬೀದಿಗೆ ಹೋದರು. ಸಂಜೆಯ ಬಸ್ಸಿಗೂ ಕಾಯಲಿಲ್ಲ. ಯಾರದೋ ಆಟೋ ನಿಲ್ಲಿಸಿ ಹತ್ತಿದರು. ಆಚಾರ್ರು ಒಳಗೆ ಹೋಗಿ ಟಾರ್ಚು, ಮೋಟಾರು ಒಂದೊಂದಾಗಿ ಆರಿಸಿದರು. ನನ್ನನ್ನು ಬೈದಿದ್ದರೆ ಎಷ್ಟೋ ವಾಸಿ ಇತ್ತು. ಜಗಲಿಯ ಮೇಲೆ ಕೂತು ನಾನು ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಭಾಯಿ ಆಗಲೇ ಮಾಳಿಗೆ ಹತ್ತಿದ್ದರು. "ಮೇಡಂ, ಮೇಲೆ ಬನ್ನಿ. ಪೂರಬ್ ಸೈಡು ನೋಡಿ" ಎಂದು ಕೂಗಿದರು. ಕಣ್ಣೊರೆಸಿಕೊಂಡು ಹೋದೆ. ಮೂಡಣಕ್ಕೆ ತೆಂಗಿನ ತೋಟ, ಅದರಾಚೆ ಗದ್ದೆ. ಆಲೆಮನೆಯ ಹೊಗೆ ನಮ್ಮ ತಲೆಯ ಮೇಲೆ ಹಾದು ಮೇಲಕ್ಕೇ ಹೋಗುತ್ತಿತ್ತು. ಅಡುಗೆಮನೆಯ ಮೂಡಣ ಗೋಡೆಯ ಮಗ್ಗುಲಲ್ಲಿ, ಸಜ್ಜದ ಕೆಳಗೆ ಊದುಬತ್ತಿ ಹಿಡಿದರೆ ಬರಿಯ ಊದುಬತ್ತಿಯ ವಾಸನೆ. ಆಸಿಡ್ಡಿನ ಪೈಪಿನ ತುದಿಯಿಂದಲೂ ಅದು ಸಾಕಷ್ಟು ದೂರ. ಗಾಳಿಯ ಬಾಯಿ ಇರಬೇಕಾದದ್ದು ಅಲ್ಲಿ. ಅಲ್ಲಿಂದ ನಡುಮನೆಗೆ ತರಬೇಕಾದರೆ ಅಡುಗೆಮನೆಯ ಮಾಳಿಗೆಯನ್ನು ದಾಟಿಸಬೇಕು.

"ಪಿವಿಸಿ ಮಿಕ್ಕಿದೆ, ಹಾಕಿ ಬಿಡೋಣ್ವಾ?" ಎಂದರು ಭಾಯಿ.

ನಾನು ಮಾಳಿಗೆಯ ಮೇಲೆ ಅಂಗೈ ಇಟ್ಟೆ. ಸುಡುತ್ತಿತ್ತು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆಯ ಗಾಳಿಯನ್ನು ಆ ಹೆಂಗಸಿಗೆ ಕುಡಿಸಲು ಮನಸ್ಸು ಬರಲಿಲ್ಲ. ಈ ಗಾಳಿಯಲ್ಲಿ ಆಸಿಡ್ಡಿಲ್ಲ, ಪುಡಿಯಿಲ್ಲ, ಹಾಗಾಗಿ ಸತುವಿನ ಲೇಪದ ತಗಡೇ ಸಾಕು. ತಗಡಿನ ಪಟ್ಟಿಯನ್ನು ಸುರುಳಿಯಾಗಿ ಸುತ್ತಿ ಮಾಡಿದ ಗುಂಡು ಕೊಳವೆಯೇ ಸರಿ ಎಂದು ಗಟ್ಟಿಮಾಡಿದೆ. ಉದ್ದಕ್ಕೂ ಒಂದೇ ತುಂಡು ಬರುತ್ತದೆ, ಸೋರುವ ಕೂಡುಗಳು ಕಡಿಮೆ. ಆರರ ಬದಲು ಎಂಟು ಇಂಚಿನದು ಹಾಕಿದೆ. ದಾರಿ ಉದ್ದವಾದ್ದರಿಂದ ಕೊಳವೆ ಕಿರಿದಾದರೆ ಫ್ಯಾನು ಏದುಸಿರು ಬಿಟ್ಟು ಸದ್ದು ಮಾಡುತ್ತದೆ. ಮೇಲೆ ದಪ್ಪನೆಯ ಫೋಮು ಸುತ್ತಿ, ಬಿಳಿ ತಗಡು ಮುಚ್ಚಿ, ಮೂಡಣದ ಬಾಯಿಗೆ ಸೊಳ್ಳೆ ಜಾಲರಿ ಮತ್ತು ತೊಳೆಯಬಹುದಾದ ಫಿಲ್ಟರು ಕೂರಿಸಿದೆವು. ಪಡುವಣ ಗೋಡೆಯ ತೂತನ್ನು ಭಾಯಿ ಇಟ್ಟಿಗೆ ಸಿಮೆಂಟು ಹಾಕಿ ತಾವೇ ಮುಚ್ಚಿದರು. ಮುಚ್ಚಿ, ಕರಣೆಯ ಹಿಂಬದಿಯಿಂದ ಎರಡು ಏಟು ಹೊಡೆದರು, ಅದರ ಮೇಲಿನ ಸಿಟ್ಟಿಗೆ.

ಈ ಸಲ ಆಲೆಮನೆಯವರನ್ನು ಕೇಳಿ, ಉರಿ ಹಾಕುವ ದಿನವನ್ನೇ ಗೊತ್ತು ಮಾಡಿದೆ. ಅವತ್ತು ಬೆಳಗಿಂದ ಮೂಡಣದ ಬಾಯಿಯ ಬಳಿ ಒಂದು ಸಲ, ನಡುಮನೆಯಲ್ಲಿ ಒಂದು ಸಲ ಗಾಳಿ ಮೂಸಿ ನೋಡುತ್ತ ಓಡಾಡಿದೆ. ಬರಿಯ ತೆಂಗಿನ ತೋಟದ ತಣ್ಣನೆಯ ಗಾಳಿ. ಕುಣಿಯೋಣ ಅನ್ನಿಸಿತು. ಆದರೆ ಅಕ್ಕ ಬರಲೊಪ್ಪಬೇಕಲ್ಲ. ಬೆಳಗೊಳಕ್ಕೆ ನಾನೇ ಹೋಗಿ ಕರೆದೆ.

"ಇನ್ನೊಂದ್ಸಲ ಸಾಯಕ್ ಬರ್ಲಾ?" ಎಂದರು.

"ಬನ್ನಿ ಅಕ್ಕಾ. ಕೆಮ್ ಬಂದ್ರೆ ನಾನೇ ಎತ್ಕಂಡ್ ಬಂದು ಇಲ್ಲಿಗ್ ಬುಡ್ತೀನಿ."

ಮತ್ತೆ ಅದೇ ಪರ್ಸು ಒಂದನ್ನೇ ಹಿಡಿದು ಬಂದರು. ಮೊದಲು ಬಾಗಿಲಲ್ಲೇ ನಿಂತರು, ಆಮೇಲೆ ಬೆಂಚಿನ ಮೇಲೆ ಕೂತರು. ನಡುಮನೆಯ ಮುಚ್ಚಿದ ಕಿಟಕಿಯ ಗಾಜಿನಾಚೆ ಆಲೆಮನೆಯ ಹೊಗೆ ಓಣಿಯಲ್ಲಿ ಹೊರಳಾಡುತ್ತಿರುವುದು ಕಾಣುತ್ತಿತ್ತು. ಒಳಗೆ ಆಚಾರ್ರ ಟಾರ್ಚು, ಮೋಟಾರು, ಆಸಿಡ್ಡಿನ ಪಾತ್ರೆ ಎಲ್ಲ ನಡೆಯುತ್ತಿದ್ದವು. ಅಕ್ಕ ಒಮ್ಮೆ ಉಸಿರೆಳೆದರು. ನಿಲ್ಲಿಸಿ, ಇನ್ನೊಮ್ಮೆ ಉದ್ದಕ್ಕೆ ಎಳೆದರು. ಕೆಮ್ಮು ಬರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಡಬ್ಬಗಳ ಮುಚ್ಚಳ ತೆರೆದು ನೋಡಿ, "ಇಷ್ಟ್ ದಿನ ಏನ್ ತಿಂದ್ರಿ ನೀವು" ಎಂದು ಅಲ್ಲಿಂದಲೇ ಗಂಡನನ್ನು ಗದರಿದರು. ಸಾರಿಗಿಟ್ಟು ಒಗ್ಗರಣೆಯನ್ನೂ ಹಾಕಿದರು. ಭಾಯಿ ಸೀನಿದರು. ಅಕ್ಕ ಕೆಮ್ಮಲಿಲ್ಲ.

ಊಟವಾದ ಮೇಲೆ ಅಕ್ಕ ಕೆಲಸದ ಕೋಣೆಗೆ ಬಂದರು. ಆಚಾರ್ರು ಮೆರುಗು ಕೊಟ್ಟಿಟ್ಟಿದ್ದ ಒಂದು ಜೊತೆ ಓಲೆ ಎತ್ತಿ ಬೆಳಕಿಗೆ ಹಿಡಿದರು.

"ಇದೇನ್ ರೀ, ಇದ್ ಮೆರುಗಾ? ಗಿರಾಕಿಗಳು ಎಂಗ್ ಒಪ್ಕಂಡ್ರು?"

"ನಂಗ್ ಎಲ್ಲಿ ಬತ್ತದೆ ಅದು" ಎಂದರು ಆಚಾರ್ರು, ತಲೆ ತಗ್ಗಿಸಿ.

ಅಕ್ಕ ಅವರನ್ನು ಸರಿಸಿ ಮೋಟಾರಿನ ಮುಂದೆ ಕೂತರು. ನಾನು ಬೇಡ ಅಕ್ಕಾ ಎನ್ನುವಷ್ಟರಲ್ಲಿ ಚಕ್ರ ತಿರುಗಿತು. ಎದ್ದ ಕೆಂಪು ಪುಡಿ ಅವರ ಮುಖದ ಕಡೆ ತಿರುಗಿಯೂ ನೋಡದೆ ಅಗಲ ಬಾಯಿಯೊಳಗೆ ಹೋಗಿ ಮರೆಯಾಯಿತು. ಒಂದು ಓಲೆ ಮುಗಿಸಿ ಇನ್ನೊಂದು ಹಿಡಿದರು. ಅದು ಮುಗಿದ ಮೇಲೆ ಒಂದು ಉಂಗುರ. ಬಿಸಿಲು ಇಳಿಯುತ್ತ ಬಂತು. ಭಾಯಿಯೂ ನಾನೂ ಸಾಮಾನು ಗಾಡಿಗೆ ಹಾಕಿ ಹೇಳಿ ಹೋಗಲು ಒಳಗೆ ಬಂದೆವು. ಆಚಾರ್ರು ಗ್ಯಾಸು ಆರಿಸಿ, ಆಸಿಡ್ಡಿನ ಪಾತ್ರೆಗೆ ಮುಚ್ಚಳ ಹಾಕಿ, ಹೆಂಡತಿಯ ಬೆನ್ನ ಹಿಂದೆ ನಿಂತಿದ್ದರು. ಗಂಟಲು ಸರಿಮಾಡಿಕೊಂಡು, ಗೋಡೆಗೆ ಹೇಳುವಂತೆ ಹೇಳಿದರು.

"ಬಸ್ಸಿಗ್ ಓಗದಾದ್ರೆ ಈಗ್ ಒಂಟ್ರೆ ಸಿಕ್ತದೆ."

ಅಕ್ಕ ಚಕ್ರದಿಂದ ಕಣ್ಣು ಎತ್ತಲಿಲ್ಲ.

"ನಾಳಿಕ್ಕೆ ನೀವೇ ಓಗಿ ಆ ಬಸ್ಸಿಗೆ. ನನ್ ಬಟ್ಟೆಯೆಲ್ಲಾ ಅಲ್ಲೇ ಅವೆ, ತಗಂಡ್ ಬನ್ನಿ."

ಆಚಾರ್ರು ಹೆಗಲ ಟವೆಲ್ಲು ತೆಗೆದು ಮುಖಕ್ಕೆ ಒತ್ತಿಕೊಂಡರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಕೆಂಪಾದ ಕಣ್ಣಲ್ಲಿ ನನ್ನ ಕಡೆ ತಿರುಗಿದರು.

"ಆಸಿಡ್ಡು ಕಣವ್ವ. ಕಣ್ಗೆ ಒಡೀತದೆ."

ಆ ಕೋಣೆಯಲ್ಲಿ ಆಸಿಡ್ಡಿನ ಆವಿ ಎಳ್ಳಷ್ಟೂ ಇರಲಿಲ್ಲ. ಅದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ.

"ಇರ್ಬೋದು ಆಚಾರ್ರೇ" ಎಂದೆ.